ಇಕ್ಬಾಲನ ಸಮುದ್ರಕ್ಕೆ ನಾನು ಪಂಪು ಕೂಡಿಸಿದ್ದು

ಶನಿವಾರ ಬೆಳಗ್ಗೆ, ಚಹಾ ಕುಡಿದಾದ ಮೇಲೆ, ಅಂಗಡಿಯ ಬಾಗಿಲು ತೆರೆಯುವ ಮೊದಲು, ನಾನು ಅಫಜಲಪುರದ ನಮ್ಮ ಗಲ್ಲಿಯಲ್ಲಿ ಇಕ್ಬಾಲನ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಬಾಗಿಲಿಗೆ ಬೆನ್ನು. ಬಲಕ್ಕೆ ಸ್ವಿಚ್‌ಬೋರ್ಡು. ಎದುರಿಗೆ ಮೀನಿನ ತೊಟ್ಟಿ. ತೊಟ್ಟಿಯ ಗಾಜಿಗೂ ನನ್ನ ಮೂಗಿಗೂ ನಡುವೆ ಒಂದು ಗೇಣು ಅಂತರ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೇಸಿಗೆಯಾದ್ದರಿಂದ ಕಾಲಡಿಯ ಶಹಾಬಾದ ಕಲ್ಲು ಅಷ್ಟು ಹೊತ್ತಿಗೇ ಬೆಚ್ಚಗಾಗಿತ್ತು.

ಇಷ್ಟು ಕರಾರುವಾಕ್ಕಾಗಿ ಏಕೆ ಹೇಳುತ್ತಿದ್ದೇನೆಂದರೆ, ಅಲ್ಲಿಂದ ಮುಂದೆ ನಡೆದದ್ದನ್ನು ನಮ್ಮ ಗಲ್ಲಿಯವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಒಬ್ಬರ ಪ್ರಕಾರ ತೊಟ್ಟಿ ಒಡೆದು ಸಮುದ್ರದ ನೀರು ರಸ್ತೆಗೆ ಬಂತು. ಇನ್ನೊಬ್ಬರ ಪ್ರಕಾರ ಮೀನೊಂದು ಹಾರಿ ನನ್ನ ಕಿವಿ ಕಚ್ಚಿತು. ಎರಡೂ ಸುಳ್ಳು. ನಡೆದದ್ದು ಅದಕ್ಕಿಂತ ಕೆಟ್ಟದ್ದು!

ನನ್ನ ಹೆಸರು ಶರಣಪ್ಪ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪಂಪ್‌ಸೆಟ್ಟು, ಪೈಪು, ಸ್ಟಾರ್ಟರು ಮಾರುವ ಅಂಗಡಿ ನನ್ನದು. ಭೀಮಾ ನದಿಯ ನೀರನ್ನು ಕರಜಗಿಯ ಕಬ್ಬಿಗೆ ಏರಿಸಬೇಕೆಂದರೆ ಜನ ಮೊದಲು ನನ್ನನ್ನು ಕೇಳುತ್ತಾರೆ. ನೀರು ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಜೋರಿನಲ್ಲಿ ಹೋಗಬೇಕು ಎಂಬ ವಿಷಯದಲ್ಲಿ ಈ ತಾಲ್ಲೂಕಿನಲ್ಲಿ ನನ್ನ ಮಾತಿಗೆ ಎದುರುಮಾತಿಲ್ಲ. ಮನೆಯಲ್ಲಿ ಇದೆ. ಅದು ಬೇರೆ ವಿಷಯ.

ಇಕ್ಬಾಲ್ ನನಗಿಂತ ಚಿಕ್ಕವನು. ಹಿಂದೆ ಜೆದ್ದಾದಲ್ಲಿ ಗಾಡಿ ಓಡಿಸುತ್ತಿದ್ದ. ರಜೆಯ ದಿನ ಉಳಿದ ಡ್ರೈವರುಗಳು ಮಲಗಿ ನಿದ್ದೆ ಮಾಡಿದರೆ ಇವನು ಕಣ್ಣಿಗೆ ಗಾಜಿನ ಮುಖವಾಡ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ ಹವಳದ ಬಂಡೆ ನೋಡುತ್ತಿದ್ದನಂತೆ. ಊರಿಗೆ ಬಂದು ಟೈರ್ ಅಂಗಡಿ ಹಾಕಿದ. ಆದರೆ ಆ ಸಮುದ್ರ ಅವನ ತಲೆಯಿಂದ ಇಳಿಯಲಿಲ್ಲ. ಕೊನೆಗೆ ಪಡಸಾಲೆಯಲ್ಲಿ ಮಂಚದಷ್ಟು ಉದ್ದದ ಗಾಜಿನ ತೊಟ್ಟಿ ಮಾಡಿಸಿ, ಹೈದರಾಬಾದಿನಿಂದ ಸಮುದ್ರದ ಉಪ್ಪು ತರಿಸಿ, ಫಿಲ್ಟರ್ ನೀರಿನಲ್ಲಿ ಕಲಸಿ, ಕಲ್ಲು ಜೋಡಿಸಿ, ಹವಳ ಕೂಡಿಸಿ, ಅಫಜಲಪುರಕ್ಕೆ ಒಂದು ಸಮುದ್ರ ತಂದೇಬಿಟ್ಟ.

ಆ ಸಮುದ್ರದ ನಡುವೆ ಒಂದು ಹೂವಿತ್ತು. ಹೂವೆಂದರೆ ಹೂವಲ್ಲ, ಜೀವ. ಕಲ್ಲಿಗೆ ಪಾದ ಅಂಟಿಸಿಕೊಂಡು, ತಿಳಿ ಹಸಿರು ಬೆರಳುಗಳನ್ನು ಚಾಚಿ ತೂಗುತ್ತ ನಿಂತಿರುತ್ತದೆ. ಅದರ ಬೆರಳುಗಳ ನಡುವೆ ಕೇಸರಿ ಮೈಗೆ ಬಿಳಿ ಪಟ್ಟೆಯಿದ್ದ ಎರಡು ಮೀನು ಸಂಸಾರ ಮಾಡಿಕೊಂಡಿದ್ದವು. ಇಕ್ಬಾಲ್ ಈ ಹೂವನ್ನು ಗುಂಡಿಯಷ್ಟಿದ್ದಾಗ ತಂದು ವರ್ಷಗಟ್ಟಲೆ ಸಾಕಿ ತಟ್ಟೆಯಷ್ಟು ಮಾಡಿದ್ದ.

ಹಿಂದಿನ ಗುರುವಾರ ಅವನು ಹೆಂಡತಿಯೊಂದಿಗೆ ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ, ಹೊರಟ. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಇದು ನನ್ನ ಅಮಾನತ್. ನಿಮ್ಮ ಕೈಯಾಗ ಒಪ್ಪಿಸಿ ಹೊಂಟೇನಿ. ದಿನಾ ಒಂದ್ ಚಿಟಿಕಿ ಕಾಳು ಹಾಕ್ರಿ. ಉಳಿದದ್ದು ಎಲ್ಲಾ ತಾನೇ ನಡೀತದ. ಮತ್ತ ಏನೂ ಮಾಡಬ್ಯಾಡ್ರಿ."

"ನೀ ನಿಶ್ಚಿಂತಿಲೆ ಹೋಗು ತಮ್ಮಾ. ನೀರಿನ ಕೆಲಸ ನಮಗ ಹೊಸದಲ್ಲ," ಎಂದೆ.

ಅವನ ಮುಖದಲ್ಲಿ ಆಗ ಏನೋ ಒಂದು ಅಳುಕು ಕಂಡ ನೆನಪು. ಪ್ರಯಾಣದ ಅಳುಕು ಇರಬೇಕು ಎಂದುಕೊಂಡೆ.

ಮನೆ ನೋಡಿಕೊಳ್ಳಲು ಇಕ್ಬಾಲನ ಅಕ್ಕ ಜೈತುನ್ ಆಪಾ ಜೇವರ್ಗಿಯಿಂದ ಬಂದಿದ್ದರು. ಮೂವರು ಮಕ್ಕಳ ಮದುವೆ ಮಾಡಿ ಮುಗಿಸಿದ ಗಟ್ಟಿ ಹೆಂಗಸು. ತೊಟ್ಟಿಯ ಎದುರಿನ ದಿವಾನದ ಮೇಲೆ ಒಂದು ಕೈಯಲ್ಲಿ ಜಪಮಣಿ, ಇನ್ನೊಂದು ಕೈಯಲ್ಲಿ ಬೀಸಣಿಗೆ ಹಿಡಿದು ಕೂತರೆ ಊಟಕ್ಕೇ ಏಳುತ್ತಿದ್ದರು.

"ನಮ್ಮ ಮನೀ ಟಿವಿಗಿಂತ ಇದು ಛಲೋ ಅದ ನೋಡು ಶರಣಪ್ಪಾ," ಎಂದು ಮೊದಲ ದಿನವೇ ಹೇಳಿದ್ದರು. "ನಡಕ ನಡಕ ಸಾಬೂನು ಮಾರಾಕ ಯಾರೂ ಬರಂಗಿಲ್ಲ." ಆ ಎರಡು ಮೀನುಗಳಿಗೆ ಅವರು ದುಲ್ಹಾ, ದುಲ್ಹನ್, ಅಂದರೆ ಮದುಮಗ, ಮದುಮಗಳು, ಎಂದು ಹೆಸರನ್ನೂ ಇಟ್ಟಿದ್ದರು.

ಹೀಗೆ ಶನಿವಾರ ಬೆಳಗ್ಗೆ, ಮೇಲೆ ಹೇಳಿದ ಜಾಗದಲ್ಲಿ, ನಾನು ಕಾಳು ಹಾಕಿ ನಿಂತಿದ್ದೆ. ಆಗ ಕಂಡಿತು ದೋಷ!

ತೊಟ್ಟಿಯೊಳಗೆ ಎಡಕ್ಕೊಂದು, ಬಲಕ್ಕೊಂದು, ಮುಷ್ಟಿಗಾತ್ರದ ಪಂಪುಗಳಿದ್ದವು. ಎಡಗಡೆಯದು ಗುರ್ರೆಂದು ತಿರುಗಿತು. ನಿಂತಿತು. ಬಲಗಡೆಯದು ತಿರುಗಿತು. ಅದೂ ನಿಂತಿತು. ಎರಡೂ ಸುಮ್ಮನಾದವು. ಮತ್ತೆ ಎಡಗಡೆಯದು ಎಚ್ಚರಗೊಂಡಿತು. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಹಾಗೆಯೇ!

ನಮ್ಮ ಕಸುಬಿನಲ್ಲಿ ನಿಂತು ನಿಂತು ಓಡುವ ಮೋಟಾರೆಂದರೆ ಕೆಮ್ಮಿ ಕೆಮ್ಮಿ ರಕ್ತ ಕಾರುವ ರೋಗಿಯಿದ್ದಂತೆ. ಒಂದೋ ಕರೆಂಟಿನ ಫೇಸ್ ಸರಿಯಾಗಿ ಬರುತ್ತಿಲ್ಲ, ಇಲ್ಲವೇ ಬೋರಿನಲ್ಲಿ ನೀರಿಲ್ಲ. ತೊಟ್ಟಿಯಲ್ಲಿ ನೀರು ಕಂಠದವರೆಗೆ ಇತ್ತು. ಆದ್ದರಿಂದ ರೋಗ ಫೇಸಿನದೇ ಎಂದು ತೀರ್ಮಾನಿಸಿದೆ.

"ಆಪಾ, ಇವು ಯಾವಾಗಿಂದ ಹಿಂಗ ನಿಂತ್ ನಿಂತ್ ಓಡಾಕತ್ತಾವ?"

"ನಾ ಬಂದಾಗಿಂದ ಹಂಗೇ ಅವ. ಯಾಕ?"

"ಬ್ಯಾನಿ ಹಚ್ಚಿಕೊಂಡಾವ್ರಿ. ನಾ ಇವತ್ತು ನೋಡಿದ್ದು ಛಲೋ ಆಯ್ತು. ಇಲ್ಲಾಂದ್ರ ಸುಟ್ಟೇ ಹೋಗ್ತಿದ್ವು."

"ಇಕ್ಬಾಲ್ ಏನೂ ಮಾಡಬ್ಯಾಡ್ರಿ ಅಂದಿದ್ನಲ್ಲ?"

"ಅವನು ಟೈರಿನ ಮನಷ್ಯಾ ಆಪಾ," ಎಂದೆ, ಕರುಣೆಯಿಂದ.

ತೊಟ್ಟಿಯ ಪಕ್ಕದಲ್ಲಿ ಸಣ್ಣ ಪೆಟ್ಟಿಗೆಯೊಂದು ಇತ್ತು. ಅದರ ಮೇಲೆ ಎರಡು ತಿರುಗುಣಿ. ಒಂದರ ಸುತ್ತ ಚಿತ್ರಗಳು: ಒಂದು ಅಲೆ, ಎರಡು ಅಲೆ, ಕೊನೆಗೆ ನೆಟ್ಟನೆಯ ಒಂದು ಗೆರೆ. ನೆಟ್ಟನೆಯ ಗೆರೆ ಎಂದರೆ ಕಾಲುವೆ. ಎಂಥ ರೈತನಿಗೂ ಗೊತ್ತಾಗುತ್ತದೆ. ಅದಕ್ಕೆ ತಿರುಗಿಸಿದೆ. ಇನ್ನೊಂದು ತಿರುಗುಣಿ ಜೋರಿನದು. ಅದು ಅರ್ಧಕ್ಕಿಂತ ಕೆಳಗಿತ್ತು. ದುಡ್ಡು ಕೊಟ್ಟು ತಂದ ಪಂಪನ್ನು ಅರ್ಧ ಓಡಿಸುವುದೆಂದರೇನು? ಪೂರ್ತಿ ತಿರುಗಿಸಿದೆ.

ಎರಡೂ ಪಂಪುಗಳು ಒಟ್ಟಿಗೆ, ಎದುರುಬದುರಾಗಿ, ನಿಲ್ಲದೆ ಓಡತೊಡಗಿದವು. ನನ್ನ ಕಿವಿಗೆ ಇಂಪಾಯಿತು.

ಅಷ್ಟರಲ್ಲಿ ತಳದ ಬಿಳಿ ಮರಳು ಎದ್ದಿತು. ಮಳೆ ಕಾಣದ ತಿಂಗಳಲ್ಲಿ ಚೌಡಾಪುರದ ಹತ್ತಿರ ಬಸ್ಸು ರಸ್ತೆ ಬಿಟ್ಟು ಮಣ್ಣಿಗೆ ಇಳಿದರೆ ಹೇಗೆ ಧೂಳು ಏಳುತ್ತದೋ ಹಾಗೆ ಎದ್ದಿತು. ಕಲ್ಲು ಮಾಯವಾಯಿತು. ಹವಳ ಮಾಯವಾಯಿತು. ದುಲ್ಹಾ ಒಮ್ಮೆ ಗಾಜಿನ ಹತ್ತಿರ ಬಂದು, ನನ್ನ ಮುಖವನ್ನೇ ನೋಡಿ, ಆಮೇಲೆ ಅವನೂ ಮಾಯವಾದ.

"ಶರಣಪ್ಪಾ, ಏನೂ ಕಾಣವಲ್ದು!" ಎಂದರು ಆಪಾ.

"ಗಾಬರಿ ಆಗಬ್ಯಾಡ್ರಿ. ಹೊಸ ಬೋರಿಗೆ ಮೊದಲ ಕೆಸರೇ ಬರ್ತದ. ಆಮ್ಯಾಲೆ ತಿಳಿ ನೀರು."

"ಇದು ಹಳೀ ತೊಟ್ಟಿ ಅದಲ್ಲ ತಮ್ಮಾ?"

ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ಸಮಯ ನನಗಿರಲಿಲ್ಲ. ಅಂಗಡಿ ತೆರೆಯಬೇಕಾಗಿತ್ತು.

ಮರುದಿನ ಬೆಳಗ್ಗೆ ಹೋದಾಗ ನೀರು ಕನ್ನಡಿಯಂತೆ ತಿಳಿಯಾಗಿತ್ತು! ನಾನು ಎದೆಯುಬ್ಬಿಸಿ ಆಪಾನ ಕಡೆ ತಿರುಗಿದೆ.

"ನೋಡ್ರಿ. ಹೇಳಿದ್ದೆನಿಲ್ಲ?"

"ತಿಳಿ ಆಗ್ಯಾದ," ಎಂದರು ಆಪಾ. "ರಾತ್ರಿ ಪೂರಾ ಎರಡೂ ಪಂಪು ಖಾರದ ಗಿರಣಿ ಹಂಗ ಗರಗರ ಅಂದ್ವು. ನಸುಕಿನ್ಯಾಗ ನಿಂತ್ವು. ಅವು ನಿಂತ ಮ್ಯಾಲೆ ತಿಳಿ ಆಗ್ಯಾದ. ಅದು ಇರ್ಲಿ, ದುಲ್ಹಾ ಯಾಕ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಾನ?"

ನೋಡಿದೆ. ಪಂಪುಗಳ ಹೊಟ್ಟೆಯೊಳಗೆ ಮರಳು ಸೇರಿ ಎರಡೂ ಕಚ್ಚಿಕೊಂಡು ನಿಂತಿದ್ದವು. ನೀರಿನಲ್ಲಿ ಅಲುಗಾಟವೇ ಇಲ್ಲ. ಮೀನುಗಳು ಮೇಲ್ಭಾಗಕ್ಕೆ ಬಂದು ಗಾಳಿಗೆ ಬಾಯಿ ಬಿಡುತ್ತಿದ್ದವು. ಹವಳಗಳು ಮುಚ್ಚಿದ ಅಂಗಡಿಗಳಂತೆ ಕಲ್ಲಿಗೆ ಒತ್ತಿಕೊಂಡಿದ್ದವು. ಹೂವು ತಟ್ಟೆಯಷ್ಟಿದ್ದದ್ದು ನಿಂಬೆಕಾಯಿಯಷ್ಟಾಗಿತ್ತು.

ಇಕ್ಬಾಲ್ ನನ್ನ ಕೈ ಹಿಡಿದದ್ದು, 'ಅಮಾನತ್' ಎಂದದ್ದು ನೆನಪಾಯಿತು. ಒಬ್ಬ ಮನುಷ್ಯ ದೇವರ ಮನೆಗೆ ಹೋಗುವಾಗ ನಂಬಿ ಬಿಟ್ಟುಹೋದ ಜೀವಗಳು. ನಾನು ಅವನ್ನು ಒಂದೇ ದಿನದಲ್ಲಿ ಆಸ್ಪತ್ರೆ ಸ್ಥಿತಿಗೆ ತಂದಿದ್ದೆ. ಆಗಲೇ ಅವನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಹೊರಗೆ ತೋರಿಸಿಕೊಳ್ಳಲೂ ಇಲ್ಲ.

"ನೀರು ತಿರುಗಬೇಕ್ರಿ. ಬ್ಯಾರೆ ಪಂಪು ಕೂಡಿಸ್ತೇನಿ," ಎಂದೆ.

ಅಂಗಡಿಯಲ್ಲಿದ್ದ ಪಂಪುಗಳಲ್ಲೆಲ್ಲ ಅತಿ ಚಿಕ್ಕದು ಅರ್ಧ ಎಚ್.ಪಿ. ಅದನ್ನು ಕೂಡಿಸಿದ್ದರೆ ದುಲ್ಹಾ, ದುಲ್ಹನ್ ಇಬ್ಬರೂ ಜೇವರ್ಗಿ ತಲುಪುತ್ತಿದ್ದರು. ಬೇಕಾದದ್ದು ಏರ್ ಕೂಲರಿನಲ್ಲಿ ಇರುತ್ತದಲ್ಲ, ಆ ಪುಟ್ಟ ಪಂಪು. ಆದರೆ ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ಕೂಲರ್ ಪಂಪು ಅಂಗಡಿಯಲ್ಲಿ ಉಳಿಯುತ್ತದೆಯೇ? ಒಂದೂ ಇರಲಿಲ್ಲ. ಇಡೀ ಗಲ್ಲಿಯಲ್ಲಿ ನನ್ನ ಕೈಗೆ ಸಿಗುವಂಥದ್ದು ಒಂದೇ ಒಂದು. ಅದು ನಮ್ಮ ಮನೆಯ ಕೂಲರಿನಲ್ಲಿತ್ತು. ನನ್ನ ಹೆಂಡತಿ ಮಹಾದೇವಿ ಸಂತೆಗೆ ಹೋಗಿದ್ದಳು. ನಾನು ಯೋಚಿಸಿದೆ. ಬಹಳ ಹೊತ್ತು ಯೋಚಿಸಲಿಲ್ಲ.

ಪಂಪನ್ನು ಬಿಚ್ಚಿ ತಂದು, ಚೆನ್ನಾಗಿ ತೊಳೆದು, ತೊಟ್ಟಿಯೊಳಗೆ ಇಳಿಸಿದೆ. ಅದರ ಬಾಯಿಗೆ ಒಂದು ತುಂಡು ಪೈಪು ಸಿಕ್ಕಿಸಿದೆ. ವೈರನ್ನು ತೊಟ್ಟಿಯ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಟ್ಟು, ಜಾರಬಾರದೆಂದು ಪ್ಲಗ್ಗಿನ ಸುತ್ತ ಕಪ್ಪು ಟೇಪನ್ನು ಗಟ್ಟಿಯಾಗಿ ಸುತ್ತಿದೆ. ನಾನು ಮಾಡಿದ ಕೆಲಸ ಬಿಚ್ಚಿಕೊಂಡಿತು ಎಂದು ಈವರೆಗೆ ಯಾರೂ ಬಂದಿಲ್ಲ.

ಇನ್ನುಳಿದದ್ದು ಪೈಪಿನ ದಿಕ್ಕು. ಹೂವು ಬಾಡಿ ನಿಂತಿತ್ತು. ಬಾಡಿದ ಬೆಳೆಗೆ ನೀರು ಎಲ್ಲಿ ಬಿಡಬೇಕು? ಬುಡಕ್ಕೆ. ಕಬ್ಬಿಗೂ ಬುಡಕ್ಕೆ, ನಿಂಬೆಗೂ ಬುಡಕ್ಕೆ. ಮೇಲಿನಿಂದ ಎರಚಿದರೆ ನೀರು ದಂಡ ಎಂದು ಎಷ್ಟು ರೈತರಿಗೆ ಬುದ್ಧಿ ಹೇಳಿದ್ದೇನೋ! ಪೈಪನ್ನು ಹೂವಿನ ಬುಡಕ್ಕೇ ಗುರಿಯಿಟ್ಟು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿದೆ. ಹಗಲೂ ರಾತ್ರಿ ನೀರಿನೊಳಗೇ ಇರುವ ಜೀವಕ್ಕೆ ನೀರು ಸಾಲದೆಂದು ಬುಡಕ್ಕೆ ನೀರು ಬಿಟ್ಟ ಮೊದಲ ಮನುಷ್ಯ ನಾನೇ ಇರಬೇಕು.

ಪಂಪು ಓಡಿತು. ಮೇಲಿನ ನೀರು ಅಲುಗಾಡಿತು. ಮೀನುಗಳು ಬಾಯಿ ಬಿಡುವುದನ್ನು ನಿಲ್ಲಿಸಿ ಕೆಳಗಿಳಿದವು.

"ಉಳದ್ವು ನೋಡಪ್ಪಾ," ಎಂದು ಆಪಾ ಜಪಮಣಿಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಗೆದ್ದ ಪೈಲವಾನನಂತೆ ಅಂಗಡಿಗೆ ಹೋದೆ.

ಮಧ್ಯಾಹ್ನ ಊಟಕ್ಕೆಂದು ಮನೆಯ ಕಡೆ ಬರುತ್ತಿದ್ದಾಗ ಆಪಾ ಬಾಗಿಲಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದರು.

"ಶರಣಪ್ಪಾ, ಲಗು ಬಾ! ಹೂವು ನಡಿಯಾಕತ್ತದ!"

"ಹೂವು ನಡಿಯಂಗಿಲ್ರಿ ಆಪಾ."

"ನಡಿಯಾಕತ್ತದ ಅಂದ್ರ ನಡಿಯಾಕತ್ತದ! ನನ್ನ ಕಣ್ಣು ಇನ್ನಾ ಛಲೋ ಅವ!"

ಒಳಗೆ ಹೋದೆ. ಹೂವು ನಡೆಯುತ್ತಿತ್ತು.

ಬುಡಕ್ಕೆ ಬಿದ್ದ ನೀರಿನ ಹೊಡೆತ ತಾಳಲಾರದೆ ಅದು ಕಲ್ಲಿನಿಂದ ಪಾದದ ಒಂದು ಅಂಚನ್ನು ಬಿಡಿಸಿಕೊಂಡಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಅಂಚೂ ಬಿಟ್ಟಿತು. ಮೈಯನ್ನು ಬಲೂನಿನಂತೆ ಉಬ್ಬಿಸಿಕೊಂಡು ತೂಗಾಡಿತು. ದುಲ್ಹನ್ ಅದರ ಸುತ್ತ ಸುತ್ತುತ್ತಿದ್ದಳು. ಮನೆಯೇ ಎದ್ದು ಹೊರಟರೆ ಯಾವ ಗೃಹಿಣಿ ಸುಮ್ಮನಿರುತ್ತಾಳೆ?

ಅಷ್ಟರಲ್ಲಿ ಇನ್ನೊಬ್ಬ ಗೃಹಿಣಿ ಒಳಗೆ ಬಂದಳು. ಬೆವರಿನಲ್ಲಿ ತೊಯ್ದು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ನನ್ನ ಹೆಂಡತಿ.

"ಏನ್ರಿ, ಕೂಲರಿಗೆ ಎರಡು ಕೊಡ ನೀರು ಹಾಕಿದೆ. ಬಟನ್ ಒತ್ತಿದೆ. ಒಲಿ ಮುಂದ ಕುಂತಂಗ ಆಗಾಕತ್ತದ. ತೆಗೆದು ನೋಡಿದ್ರ ಒಳಗ ಪಂಪೇ ಇಲ್ಲ! ನಮ್ಮ ಮನ್ಯಾಗ ಕಳ್ಳ ಬಂದು ಬರೇ ಪಂಪು ಒಯ್ದಾನಂದ್ರ..." ಅವಳ ಕಣ್ಣು ತೊಟ್ಟಿಯ ಮೇಲೆ ಬಿತ್ತು. "ಅದು ನಮ್ದಲ್ಲೇನ್ರಿ?"

"ಅದರಂಗೇ ಅದ."

"ಅದರಂಗೇ ಅಲ್ಲ, ಅದೇ! ವೈರಿಗೆ ನಾ ಕಟ್ಟಿದ ಕೆಂಪು ಲಾಡಿ ಅದ!"

ಇದಕ್ಕೆ ನಾನು ಸಮಂಜಸವಾದ ವಿವರಣೆ ಕೊಡುವಷ್ಟರಲ್ಲಿ ಆಪಾನ ಕೈಯಲ್ಲಿದ್ದ ಫೋನು ಹಾಡಿತು. ಇಕ್ಬಾಲ್. ವಿಡಿಯೋ ಕಾಲ್!

ನಾನು ತಕ್ಷಣ ತೊಟ್ಟಿಗೆ ಬೆನ್ನು ಕೊಟ್ಟು ನಿಂತೆ. ಭುಜದ ಟವೆಲ್ಲನ್ನು ಎರಡೂ ಕೈಯಿಂದ ಅಗಲಿಸಿ, ಬೆವರು ಒರೆಸಿಕೊಳ್ಳುವವನಂತೆ ಹಿಡಿದೆ. ಆಪಾ ಸಲಾಮು ಹೇಳಿ, ಊಟ ಆಯ್ತೇ, ಕಾಲುನೋವು ಹೇಗಿದೆ ಎಂದು ಕೇಳಿ, ಫೋನನ್ನು ನನ್ನ ಕಡೆ ತಿರುಗಿಸಿದರು.

"ಶರಣಪ್ಪಣ್ಣಾ, ನಮಸ್ಕಾರ! ಜರಾ ಸರೀರಿ, ಹೂವು ನೋಡಬೇಕು."

"ಹೂವು ಆರಾಮ ಅದ ತಮ್ಮಾ. ಅಲ್ಲಿ ಬಿಸಲು ಹೆಂಗದ?"

"ಬಿಸಲು ಭಾಳ ಅದ. ಸರೀರಿ."

"ಊಟಕ್ಕ ತ್ರಾಸು ಇಲ್ಲಲ್ಲ?"

"ಊಟ ಛಲೋ ಅದ. ಅಣ್ಣಾ, ಸರೀರಿ."

"ಮತ್ತ ಗದ್ದಲ..."

"ಅಯ್ಯ, ಸರೀರಿ ಅಂದ್ರ ಸರೀರಿ!" ಎಂದಳು ನನ್ನ ಹೆಂಡತಿ. "ಎಷ್ಟೊತ್ತು ಗ್ವಾಡಿ ಆಗಿ ನಿಲ್ತೀರಿ?"

ಸರಿದೆ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಎಂದೂ ಸರಿದಿಲ್ಲ.

ನಾನೂ ತಿರುಗಿ ನೋಡಿದೆ. ಹೂವು ಕಲ್ಲನ್ನು ಪೂರ್ತಿ ಬಿಟ್ಟಿತ್ತು. ನೀರಿನ ನಡುವೆ ತಲೆಕೆಳಗಾಗಿ ತೇಲುತ್ತ, ಸುತ್ತು ಹೊಡೆದು, ಕೂಲರ್ ಪಂಪಿನ ತಳದ ಜಾಲರಿಯ ಕಡೆ ಹೊರಟಿತ್ತು. ಪಂಪು ನೀರನ್ನು ಒಳಗೆಳೆದುಕೊಳ್ಳುವುದು ಅಲ್ಲಿಂದಲೇ.

"ಅಣ್ಣಾ!" ಎಂದು ಕಿರುಚಿದ ಇಕ್ಬಾಲ್. "ಆ ಪಂಪು ಬಂದ್ ಮಾಡ್ರಿ! ಹೂವು ಅದರಾಗ ಸಿಕ್ರ ಅರದು ಹೋಗ್ತದ. ಅದರ ವಿಷ ನೀರಿಗೆ ಬಿದ್ರ ಮೀನು, ಹವಳ, ಒಂದೂ ಉಳಿಯಂಗಿಲ್ಲ! ಬಂದ್ ಮಾಡ್ರಿ!"

ನಾನು ಪ್ಲಗ್ಗಿಗೆ ಕೈ ಹಾಕಿದೆ. ಟೇಪು! ಉಗುರಿನಿಂದ ಕೆರೆದೆ. ಅಂಚು ಸಿಗಲಿಲ್ಲ. ನಾನು ಮಾಡಿದ ಕೆಲಸ ಹಾಗೆಲ್ಲ ಬಿಚ್ಚಿಕೊಳ್ಳುವುದಿಲ್ಲ ಎಂದು ಆಗಲೇ ಹೇಳಿದ್ದೇನೆ.

ಸ್ವಿಚ್‌ಬೋರ್ಡಿಗೆ ಹಾರಿದೆ. ತೊಟ್ಟಿಯ ಹಿಂದಿನ ಬೋರ್ಡಿನ ಸ್ವಿಚ್ಚೂ ಅಲ್ಲೇ ಇತ್ತು, ಆದರೆ ಸಾಲಾಗಿ ಒಂದೇ ಥರದ ಸ್ವಿಚ್ಚುಗಳು. ಒಂದನ್ನು ಒತ್ತಿದೆ, ಫ್ಯಾನು ತಿರುಗಿತು. ಇನ್ನೊಂದನ್ನು ಒತ್ತಿದೆ, ಟ್ಯೂಬ್‌ಲೈಟ್ ಹತ್ತಿತು. ಮತ್ತೊಂದನ್ನು ಒತ್ತಿದೆ, ಹೊರಗಿನ ದೀಪ ಹತ್ತಿತು. ನಡು ಮಧ್ಯಾಹ್ನ! ಇನ್ನೊಂದನ್ನು ಒತ್ತಿದೆ, ಕರೆಗಂಟೆಯ ಗಿಳಿ ಕೂಗಿತು.

"ಯಾರೋ ಬಂದ್ರು ನೋಡ್ರಿ!" ಎಂದರು ಆಪಾ.

"ಯಾರೂ ಬಂದಿಲ್ರಿ, ನಾನೇ!"

"ಬಂದ್ ಮಾಡ್ರಿ ಅಣ್ಣಾ!" ಎಂದು ಮಕ್ಕಾದಿಂದ ಕೂಗು.

"ಏ, ಅದು ಜಾಲಿ ಮುಟ್ಟಾಕತ್ತದ್ರಿ!" ಎಂದು ಹೆಂಡತಿಯ ಕೂಗು.

ಆಗ ಕರೆಂಟು ಹೋಯಿತು.

ಫ್ಯಾನು ನಿಧಾನವಾಯಿತು. ಗಿಳಿ ಅರ್ಧ ಕೂಗಿಗೆ ನಿಂತಿತು. ಕೂಲರ್ ಪಂಪು ಒಮ್ಮೆ ನಡುಗಿ ಸುಮ್ಮನಾಯಿತು. ತೊಟ್ಟಿಯ ನೀಲಿ ದೀಪ ಮಾತ್ರ ಇನ್ವರ್ಟರಿನ ಮೇಲೆ ಉರಿಯುತ್ತಿತ್ತು. ಆ ಬೆಳಕಿನಲ್ಲಿ ನಾವು ನೋಡಿದೆವು: ಜಾಲರಿಗೆ ಬೆರಳು ತಾಗಿಸಿದ್ದ ಹೂವು ಅಲ್ಲಿಂದ ಮೆಲ್ಲಗೆ ಬಿಡಿಸಿಕೊಂಡು, ಒಣಗಿದ ಎಲೆ ಇಳಿಯುವ ಹಾಗೆ ತೂಗುತ್ತ ತೂಗುತ್ತ ಇಳಿದು ಮರಳಿನ ಮೇಲೆ ಬಿತ್ತು.

ಹೊರಗೆ ಗಲ್ಲಿಯಲ್ಲೆಲ್ಲ "ಥೂ, ಹೋಯ್ತಲ್ಲೋ!" ಎಂದು ಜನ ಕರೆಂಟಿನವರಿಗೆ ಶಾಪ ಹಾಕುತ್ತಿದ್ದರು. ಒಳಗೆ ನಾವು ಮೂವರು ಚಪ್ಪಾಳೆ ತಟ್ಟಿದೆವು! ಕರೆಂಟು ಹೋದದ್ದಕ್ಕೆ ಚಪ್ಪಾಳೆ ತಟ್ಟಿದ ಪಂಪ್‌ಸೆಟ್ ವ್ಯಾಪಾರಿ ಸುತ್ತಲಿನ ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ.

"ಅದು ಬರೋದ್ರಾಗ ಕೀಳ್ರಿ!" ಎಂದು ನನ್ನ ಹೆಂಡತಿ ಕೂತು, ಟೇಪಿನ ಅಂಚನ್ನು ಹಲ್ಲಿನಿಂದ ಎತ್ತಿ ಸರ್ರನೆ ಹರಿದು ಪ್ಲಗ್ಗು ಕಿತ್ತೆಸೆದಳು. ಆಮೇಲೆ ಪಂಪನ್ನು ಎತ್ತಿ, ನೀರು ಜಾಡಿಸಿ, ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮತ್ತೆ ನನ್ನ ಕೈಗೆ ಕೊಡಲಿಲ್ಲ.

ಇಕ್ಬಾಲ್ ಬೈಯಬಹುದಿತ್ತು. ನಾನಾಗಿದ್ದರೆ ಬೈಯುತ್ತಿದ್ದೆ.

"ಅಣ್ಣಾ," ಎಂದ, "ನನ್ನ ಪಂಪುಗಳು ಛಲೋ ಇದ್ವಲ್ಲ?"

"ನಿಂತ್ ನಿಂತ್ ಓಡಾಕತ್ತಿದ್ವು ತಮ್ಮಾ. ಫೇಸ್ ಹೋಗ್ಯಾದ ಅಂತ ತಿಳ್ಕೊಂಡೆ."

"ಅವು ಹಂಗೇ ನಿಂತ್ ನಿಂತ್ ಓಡಬೇಕ್ರಿ. ಸಮುದ್ರ ಏನು ಕಾಲುವಿ ಏನ್ರಿ, ಒಂದೇ ಕಡಿ ಹರಿಯಾಕ? ಅದು ಬರ್ತದ, ನಿಲ್ತದ, ತಿರಗಿ ಹೋಗ್ತದ. ಒಂದೇ ಕಡಿಂದ ಹೊಡದ್ರ ಯಾವ ಜೀವ ತಡೀತದ?"

ಈ ಮಾತಿಗೆ ನನ್ನ ಹೆಂಡತಿ ಫೋನಿನ ಕಡೆ ನೋಡದೆ ನನ್ನ ಕಡೆ ನೋಡಿ ತಲೆಯಾಡಿಸಿದಳು.

ಅವನು ಹೇಳಿದಂತೆ ಮಾಡಿದೆವು. 'ಮಾಡಿದೆವು' ಎಂದರೆ ಅವರಿಬ್ಬರು ಮಾಡಿದರು; ನಾನು ಫೋನು ಹಿಡಿದು ನಿಂತಿದ್ದೆ. ಕಚ್ಚಿಕೊಂಡ ಪಂಪುಗಳನ್ನು ಬಿಚ್ಚಿ ಸಿರ್ಕಾ, ಅಂದರೆ ವಿನೆಗರ್, ಬೆರೆಸಿದ ನೀರಿನಲ್ಲಿ ನೆನೆಹಾಕಬೇಕಿತ್ತು. ಉಪ್ಪಿನಕಾಯಿಗೆಂದು ಅಡುಗೆಮನೆಯಲ್ಲಿ ಇಟ್ಟಿದ್ದ ಸಿರ್ಕಾದ ಸೀಸೆಯನ್ನು ಆಪಾ ತಂದರು. ಮಹಾದೇವಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನ ಮರಳನ್ನೆಲ್ಲ ಉಜ್ಜಿ ತೆಗೆದಳು. ಮತ್ತೆ ಕೂಡಿಸಿ, ಕರೆಂಟು ಬಂದ ಮೇಲೆ ತಿರುಗುಣಿಯನ್ನು ಅಲೆಯ ಚಿತ್ರಕ್ಕೆ ತಂದು, ಜೋರನ್ನು ಅರ್ಧಕ್ಕಿಂತ ಕೆಳಗಿಳಿಸಿದರು. ಎಡಗಡೆಯದು ಗುರ್ರೆಂದಿತು. ನಿಂತಿತು. ಬಲಗಡೆಯದು ಗುರ್ರೆಂದಿತು.

ಆದರೆ ಹೂವು? ಅದು ಮರಳಿನ ಮೇಲೆ, ಕಳಚಿ ಎಸೆದ ಕಾಲುಚೀಲದ ಹಾಗೆ, ಮಗುಚಿ ಬಿದ್ದಿತ್ತು. ಬೆರಳುಗಳು ಒಳಗೆ ಸೇರಿಕೊಂಡಿದ್ದವು.

"ಮುಟ್ಟಬ್ಯಾಡ್ರಿ," ಎಂದ ಇಕ್ಬಾಲ್. "ಕಾಯ್ರಿ. ತಾನಾಗೇ ಕಲ್ಲು ಹಿಡೀತು ಅಂದ್ರ ಉಳೀತು. ಇಲ್ಲಾಂದ್ರ..." ಆಮೇಲೆ ಹೇಳಿದ: "ಇಲ್ಲಿ ಹೂವಿಗಂತ ದುವಾ ಕೇಳ್ತೇನಿ ಅಣ್ಣಾ. ನಿಮಗೂ ಕೇಳ್ತೇನಿ. ನಿಮಗ ಜಾಸ್ತಿ ಬೇಕಾಗ್ತದ."

ಆ ಸಂಜೆಯಿಂದ ನಾನು ಅಂಗಡಿಯ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಆಪಾನ ದಿವಾನದ ಮೂಲೆಯಲ್ಲಿ ಕೂತೆ. ನೋಡುವುದನ್ನು ಬಿಟ್ಟು ಮಾಡಲು ಬೇರೆ ಕೆಲಸ ಇರಲಿಲ್ಲ. ಆಪಾ ಜಪಮಣಿ ಎಣಿಸುತ್ತಿದ್ದರು. ಮಹಾದೇವಿ ಮನೆಯಲ್ಲಿ ಲಿಂಗಪೂಜೆ ಮುಗಿಸಿದ ಮೇಲೆ ಒಂದು ಮಾತು ಹೆಚ್ಚಿಗೆ ಬೇಡಿಕೊಳ್ಳುತ್ತಿದ್ದಳು. ಅದು ನನ್ನ ಬಗ್ಗೆ ಅಲ್ಲ ಎಂದು ಸ್ಪಷ್ಟವಾಗಿ ಹೇಳಿದಳು.

ಸುಮ್ಮನೆ ನೋಡುತ್ತ ಕೂತಾಗ ಒಂದು ಸಂಗತಿ ಕಂಡಿತು. ಎಡಗಡೆಯಿಂದ ನೀರು ಬಂದಾಗ ಹವಳದ ಬೆರಳುಗಳೆಲ್ಲ ಬಲಕ್ಕೆ ಬಾಗುತ್ತಿದ್ದವು. ಪಂಪು ನಿಂತಾಗ ತಾವಾಗಿಯೇ ನೆಟ್ಟಗಾಗುತ್ತಿದ್ದವು. ಬಲಗಡೆಯಿಂದ ನೀರು ಬಂದಾಗ ಎಡಕ್ಕೆ. ನಡುವೆ ಯಾರೂ ತಳ್ಳದ ಆ ಒಂದು ಗಳಿಗೆ ಇತ್ತಲ್ಲ, ನಾನು ದೋಷ ಎಂದದ್ದು, ಅವು ಬಾಯಿ ತೆರೆದು ತಿನ್ನುತ್ತಿದ್ದದ್ದು ಆಗಲೇ. ಇಷ್ಟು ವರ್ಷ ನೀರಿನ ವ್ಯಾಪಾರ ಮಾಡಿದ ನಾನು ನೀರು ನಿಲ್ಲುವುದನ್ನು ನೋಡಿರಲಿಲ್ಲ.

ಮಂಗಳವಾರ ರಾತ್ರಿ ನಾನು ಮನೆಗೆ ಹೋಗುವಾಗಲೂ ಹೂವು ಹಾಗೆಯೇ ಬಿದ್ದಿತ್ತು. ಬುಧವಾರ ಬೆಳಗ್ಗೆ ಚಹಾ ಕುಡಿಯದೆ ಹೋದೆ. ಆಪಾ ಬೀಸಣಿಗೆಯಿಂದ ತೊಟ್ಟಿಯ ಬಲಮೂಲೆ ತೋರಿಸಿದರು. ಅಲ್ಲಿ, ಚಪ್ಪಟೆ ಕಲ್ಲಿನ ಹಿಂದೆ, ಒಂದು ಸಂದಿಯಲ್ಲಿ ಹೂವು ಪಾದ ಊರಿತ್ತು. ಬೆರಳುಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ದುಲ್ಹನ್ ಹತ್ತಿರ ಹೋಗಿ ಮೂತಿಯಿಂದ ಒಮ್ಮೆ ಮುಟ್ಟಿದಳು. ಹಿಂದೆ ಸರಿದಳು. ಮತ್ತೆ ಹೋಗಿ ಸೀದಾ ಒಳಗೆ ನುಗ್ಗಿ ಮೈ ಹೊರಳಿಸಿದಳು. ದುಲ್ಹಾ ಅವಳ ಹಿಂದೆ.

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಷ್ಟರಲ್ಲಿ ಹಿಂದಿನಿಂದ ಬಂದ ಮಹಾದೇವಿ ತೊಟ್ಟಿ ನೋಡಿದಳು, ನನ್ನನ್ನು ನೋಡಿದಳು.

"ಅಳಾಕತ್ತೀರೇನ್ರಿ?"

"ಕಣ್ಣಾಗ ಮರಳು ಬಿದ್ದದ."

ತೊಟ್ಟಿಯ ಮರಳು ತಳದಲ್ಲಿ ಶಾಂತವಾಗಿ ಬಿದ್ದುಕೊಂಡಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ. ಅಷ್ಟರ ಮಟ್ಟಿಗೆ ನನ್ನ ಸಂಸಾರ ಸುಖದ್ದು.

ಇಕ್ಬಾಲ್ ಬಂದವನು ಬ್ಯಾಗು ಕೆಳಗಿಡದೆ ಮೊದಲು ತೊಟ್ಟಿ ನೋಡಿದ. ಆಮೇಲೆ ನನ್ನನ್ನು ಅಪ್ಪಿಕೊಂಡು ಕೈಗೆ ಖರ್ಜೂರ ಕೊಟ್ಟ. "ಅಮಾನತ್ ಪೂರಾ ಅದ ಅಣ್ಣಾ," ಎಂದ. ಅವನು ಅದನ್ನು ನಗುತ್ತ ಹೇಳಿದ. ನಾನು ಖರ್ಜೂರ ಬಾಯಿಗೆ ಹಾಕಿಕೊಂಡು, ತಿರುಗುಣಿಯ ಕಡೆ ನೋಡದೆ ನಿಂತೆ.

ಮೊನ್ನೆ ಅವನು ಮದುವೆಗೆಂದು ಆಳಂದಕ್ಕೆ ಹೋದ. ಮನೆಯ ಕೀಲಿಯನ್ನು ನನ್ನ ಎದುರಿನಲ್ಲೇ ನನ್ನ ಹೆಂಡತಿಗೆ ಕೊಟ್ಟ.

"ಅಕ್ಕಾ, ಕಾಳು ನೀವೇ ಹಾಕ್ರಿ. ಅಣ್ಣ ನೋಡಾಕ ಬಂದ್ರ ಬರ್ಲಿ. ಆದ್ರ ಕೈ ಹಿಂದ ಕಟ್ಕೊಂಡು ನಿಲ್ಲಬೇಕು."

"ನಾ ನಿಲ್ಲಸ್ತೇನಿ ಬಿಡು ತಮ್ಮಾ," ಎಂದಳು ಮಹಾದೇವಿ.

ನಿಲ್ಲಿಸಿದಳು.

ಕಂಡದ್ದನ್ನು ಕಂಡಂತೆ ಬರೆದಿದ್ದೇನೆ. ಸಂಶಯವಿದ್ದವರು ವಿಚಾರಿಸಬಹುದು, ನೋಡಿದವರೆಲ್ಲ ಬದುಕಿದ್ದಾರೆ. ನನ್ನ ಹೆಂಡತಿ ಮಹಾದೇವಿ ಬದುಕಿದ್ದಾಳೆ, ಕೂಲರ್ ಹಾಕಿದಾಗಲೆಲ್ಲ ಸಾಕ್ಷಿ ಹೇಳುತ್ತಾಳೆ. ಜೈತುನ್ ಆಪಾ ಜೇವರ್ಗಿಯಲ್ಲಿ ಗಟ್ಟಿಯಾಗಿದ್ದಾರೆ. ಅಲ್ಲಿ ನಾನು ಕಾಲಿಡದ ಮನೆಗಳಲ್ಲೂ ಈಗ ನನ್ನ ಪರಿಚಯವಿದೆ. ಫೋನಿನಲ್ಲಿ ಕಂಡ ಇಕ್ಬಾಲ್ ಇದ್ದಾನೆ. ದುಲ್ಹಾ ಇದ್ದಾನೆ, ದುಲ್ಹನ್ ಇದ್ದಾಳೆ. ಹೂವೂ ಇದೆ, ಮೊದಲಿಗಿಂತ ಅಗಲವಾಗಿದೆ. ಯಾರು ಗಾಜಿನ ಹತ್ತಿರ ಹೋದರೂ ಬೆರಳು ಚಾಚಿ ತೂಗುತ್ತದೆ. ನಾನು ಹೋದರೆ ಮುದುಡಿಕೊಳ್ಳುತ್ತದೆ. ಅದಕ್ಕೆ ಕಣ್ಣೇ ಇಲ್ಲ, ಅದು ನಿಮ್ಮ ಭ್ರಮೆ ಅಣ್ಣಾ ಎಂದು ಇಕ್ಬಾಲ್ ಹೇಳುತ್ತಾನೆ.

ಇರಬಹುದು.